ಬಾಣಂತಿಯ ಮನಸ್ಸಿಗೆ ಒಬ್ಬ ಜೊತೆಗಾತಿ: ಕೊಡಗಿನ ಮನೆಗಳಲ್ಲಿ ಡೌಲಾ ನೆರವು ಕಟ್ಟಿಕೊಳ್ಳುವ ಬಗೆ

ಮಗು ಹುಟ್ಟಿದ ಮನೆಗೆ ಬಂದವರೆಲ್ಲ ನೇರ ತೊಟ್ಟಿಲಿನ ಬಳಿಗೆ ಹೋಗುತ್ತಾರೆ. ತೂಕ ಎಷ್ಟು, ಮೂಗು ಅಜ್ಜನದ್ದೋ ಮಾವನದ್ದೋ ಎಂದು ಮಾತಾಗುತ್ತದೆ. ಮಂಚದ ಮೇಲಿರುವವಳಿಗೆ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಹಾಲು ಸಾಕಾಗುತ್ತಿದೆಯಾ?’ ಅದೂ ಮಗುವಿನ ಸಲುವಾಗಿ ಕೇಳಿದ್ದೇ. ಅಂಥ ಹೊತ್ತಿನಲ್ಲಿ ತಾಯಿಯ ಕಡೆಗೆ ತಿರುಗಿ ಕುಳಿತುಕೊಳ್ಳುವ ಒಬ್ಬ ಹೆಂಗಸು ಬೇಕು. ಡೌಲಾ ಎಂದು ಈಗ ಕರೆಯುತ್ತಿರುವುದು ಅಂಥವಳನ್ನು. ಕೊಡಗಿನಲ್ಲಿ ಅವಳನ್ನು ಹುಡುಕುವುದು ಹೇಗೆ, ಸಿಗದಿದ್ದರೆ ನಮ್ಮವರಲ್ಲೇ ಒಬ್ಬರನ್ನು ಆ ಕೆಲಸಕ್ಕೆ ಅಣಿಮಾಡುವುದು ಹೇಗೆ, ಅವಳು ಏನು ಮಾಡಬೇಕು, ಎಲ್ಲಿ ನಿಂತು ವೈದ್ಯರ ಕೈಗೆ ಒಪ್ಪಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಡೌಲಾ ಗರ್ಭಿಣಿಯ ಜೊತೆಗಿದ್ದು, ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲೇ ನಿಂತು, ಬಾಣಂತನದ ವಾರಗಳಲ್ಲಿ ಮನೆಗೆ ಬಂದು, ದೇಹಕ್ಕೆ ಆರಾಮವನ್ನೂ ಮನಸ್ಸಿಗೆ ಧೈರ್ಯವನ್ನೂ ಕೊಡುತ್ತಾಳೆ. ತಿಳಿಯದ್ದನ್ನು ಬಿಡಿಸಿ ಹೇಳುತ್ತಾಳೆ. ಅವಳು ನರ್ಸ್ ಅಲ್ಲ. ಹೆರಿಗೆ ಮಾಡಿಸುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ, ಇಂಥದ್ದೇ ಕಾಯಿಲೆ ಎಂದು ತೀರ್ಮಾನಿಸುವುದೂ ಇಲ್ಲ.

ಹಿಂದೆ ನಮ್ಮ ಸೂಲಗಿತ್ತಿಯರು ಎರಡು ಕೆಲಸವನ್ನೂ ಒಟ್ಟಿಗೆ ಮಾಡುತ್ತಿದ್ದರು. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮ ಅವರಂಥವರು ಹೆರಿಗೆಯನ್ನೂ ಮಾಡಿಸಿದರು, ಹೆರುವವಳ ಕೈಯನ್ನೂ ಹಿಡಿದರು. ಹೆರಿಗೆ ಆಸ್ಪತ್ರೆಗೆ ಸ್ಥಳಾಂತರವಾದದ್ದು ಒಳ್ಳೆಯದೇ ಆಯಿತು, ಎಷ್ಟೋ ಜೀವ ಉಳಿಯಿತು. ಆದರೆ ಮೊದಲನೆಯ ಕೆಲಸವನ್ನು ವೈದ್ಯರು ವಹಿಸಿಕೊಂಡರು, ಎರಡನೆಯದನ್ನು ಯಾರೂ ವಹಿಸಿಕೊಳ್ಳಲಿಲ್ಲ. ಡೌಲಾ ಎಂಬುದು ಬೆಂಗಳೂರಿನ ಉಳ್ಳವರ ಹೊಸ ಖರ್ಚು ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು ಇದನ್ನೇ: ಬಿಟ್ಟುಹೋದ ಕೆಲಸವನ್ನು ಮತ್ತೆ ಯಾರಾದರೂ ಎತ್ತಿಕೊಳ್ಳಬೇಕಲ್ಲ.

ಇದರಿಂದ ಏನು ಪ್ರಯೋಜನ ಎಂಬುದಕ್ಕೆ ಲೆಕ್ಕವೂ ಇದೆ. ಹೆರಿಗೆಯ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಏನಾಗುತ್ತದೆ ಎಂದು ನೋಡಿದ ಅಧ್ಯಯನಗಳನ್ನು 2017ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ ಒಟ್ಟುಗೂಡಿಸಿತು. ಅವುಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆಂಗಸರಿದ್ದರು. ಜೊತೆಯಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಹೆರಿಗೆಯ ಅವಧಿ ತುಸು ಕಡಿಮೆ, ‘ಹೆರಿಗೆ ಕೆಟ್ಟ ಅನುಭವವಾಯಿತು’ ಎನ್ನುವವರೂ ಕಡಿಮೆ ಎಂದು ಕಂಡುಬಂತು. ಬಾಣಂತಿಯ ಖಿನ್ನತೆಯನ್ನು ಇದು ತಡೆಯುತ್ತದೆ ಎನ್ನಲು ಸಾಕ್ಷ್ಯ ಇನ್ನೂ ಅಷ್ಟು ಗಟ್ಟಿಯಾಗಿಲ್ಲ. ಆದ್ದರಿಂದ ಡೌಲಾ ಇದ್ದರೆ ಖಿನ್ನತೆ ಬರುವುದೇ ಇಲ್ಲ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಬಂದದ್ದನ್ನು ಬೇಗ ಗುರುತಿಸಿ, ತಾಯಿಯನ್ನು ಒಂಟಿಯಾಗಲು ಬಿಡದೆ ಚಿಕಿತ್ಸೆಯವರೆಗೆ ಕರೆದೊಯ್ಯುವುದು ಖಂಡಿತ ಆಗುವ ಕೆಲಸ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಹೇಳುವಂತೆ ನಮ್ಮ ಬಾಣಂತಿಯರಲ್ಲಿ ಶೇ 22ರಷ್ಟು ಮಂದಿಗೆ ಖಿನ್ನತೆ ಕಾಡುತ್ತದೆ. ಐವರಲ್ಲಿ ಒಬ್ಬಳು ಎಂದಿಟ್ಟುಕೊಂಡು ನಿಮ್ಮ ಓಣಿಯ ಬಾಣಂತಿಯರನ್ನು ನೆನಪು ಮಾಡಿಕೊಳ್ಳಿ.

ಮೊದಲ ಹೆಜ್ಜೆ: ಸೀಮಂತಕ್ಕೆ ಮುನ್ನ ವ್ಯಕ್ತಿಯನ್ನು ಗೊತ್ತುಮಾಡಿ

ಏಳನೇ ತಿಂಗಳೊಳಗೆ ಇದು ಮುಗಿದಿರಲಿ. ಹೆರಿಗೆಯ ನಂತರ ಹುಡುಕುತ್ತೇವೆ ಎಂದರೆ ಆಗ ಹುಡುಕುವ ಶಕ್ತಿ ಯಾರಿಗೂ ಇರುವುದಿಲ್ಲ. ಗುರುತಿಲ್ಲದವರ ಮುಂದೆ ಬಾಣಂತಿ ಬಾಯಿ ಬಿಡುವುದೂ ಇಲ್ಲ.

ತರಬೇತಿ ಪಡೆದ ಡೌಲಾಗಳು ಹೆಚ್ಚಾಗಿ ಬೆಂಗಳೂರಿನಂಥ ಊರುಗಳಲ್ಲಿದ್ದಾರೆ. ಹಲವರು ಫೋನಿನಲ್ಲಿ, ವಿಡಿಯೊ ಕರೆಯಲ್ಲಿ ನೆರವು ಕೊಡುತ್ತಾರೆ. ನಮ್ಮ ದೇಶದಲ್ಲಿ ಈ ವೃತ್ತಿಗೆ ಸರ್ಕಾರಿ ಪರವಾನಗಿಯಾಗಲಿ ನೋಂದಣಿ ಮಂಡಳಿಯಾಗಲಿ ಇಲ್ಲದ ಕಾರಣ ವಿಚಾರಿಸಬೇಕಾದ ಹೊಣೆ ನಿಮ್ಮದೇ. ಎಲ್ಲಿ ತರಬೇತಿಯಾಯಿತು, ತಾವು ಬರಲಾಗದ ದಿನ ಬದಲಿಗೆ ಯಾರು, ಶುಲ್ಕದಲ್ಲಿ ಏನೇನು ಸೇರಿದೆ, ತಾಯಿಯ ಮನಸ್ಸು ಹದಗೆಟ್ಟರೆ ಏನು ಮಾಡುತ್ತೀರಿ ಎಂದು ಕೇಳಿ. ಈ ಕೊನೆಯ ಪ್ರಶ್ನೆಗೆ ‘ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ’ ಎಂಬ ಉತ್ತರ ತಡವರಿಸದೆ ಬರಬೇಕು. ಆಸ್ಪತ್ರೆ ಬೇಡ, ಮಾತ್ರೆ ಬೇಡ, ಎಲ್ಲವೂ ಸಹಜವಾಗಿಯೇ ಆಗಬೇಕು ಎಂದು ಪಾಠ ಹೇಳುವವರಿಂದ ದೂರವಿರಿ.

ಇಷ್ಟಾದರೂ, ನಮ್ಮಲ್ಲಿ ಹೆಚ್ಚಿನ ಮನೆಗಳು ಆ ಜಾಗಕ್ಕೆ ತಮ್ಮವರನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಅದು ಕಡಿಮೆಯ ಆಯ್ಕೆಯೇನೂ ಅಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳುಹಿಸಿ ಮಾತನಾಡಿಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಆ ನೆರವು ಪಡೆದವರಲ್ಲಿ ಖಿನ್ನತೆ ಉಳಿದದ್ದು ಶೇ 23ರಷ್ಟು ಮಂದಿಗೆ, ಪಡೆಯದವರಲ್ಲಿ ಶೇ 53ರಷ್ಟು ಮಂದಿಗೆ. ಆ ಕಾರ್ಯಕರ್ತೆಯರು ಮನಶ್ಶಾಸ್ತ್ರ ಓದಿದವರಲ್ಲ, ಊರಿನ ಹೆಂಗಸರು.

ಯಾರನ್ನು ಆರಿಸುವುದು? ಅಕ್ಕ, ಚಿಕ್ಕಮ್ಮ, ನೆರೆಮನೆಯ ಹಿರಿಯಳು, ನಿವೃತ್ತ ನರ್ಸ್, ಅಂಗನವಾಡಿಯಲ್ಲಿ ದುಡಿದವರು, ಯಾರಾದರೂ ಆಗಬಹುದು. ಬಾಣಂತಿಗೂ ಮಗುವಿಗೂ ನೀರು ಹಾಕಲು ಬರುವ ಹೆಂಗಸನ್ನು ಮರೆಯಬೇಡಿ. ಬಾಗಿಲು ಹಾಕಿದ ಬಚ್ಚಲುಮನೆಯಲ್ಲಿ, ಬಿಸಿನೀರು ಬೆನ್ನ ಮೇಲೆ ಬೀಳುತ್ತಿರುವಾಗ, ಅತ್ತೆಗೂ ಅಮ್ಮನಿಗೂ ಹೇಳದ ಮಾತು ಅವಳಿಗೆ ಕೇಳಿಸುತ್ತದೆ. ಅವಳಿಗೆ ನಾಲ್ಕು ವಿಷಯ ತಿಳಿಸಿಕೊಟ್ಟರೆ ಅರ್ಧ ಕೆಲಸ ಆದಂತೆ.

ವಯಸ್ಸು, ಓದು, ಅನುಭವ ಎಲ್ಲದಕ್ಕಿಂತ ಮೊದಲು ನೋಡಬೇಕಾದ್ದು ಗುಟ್ಟು ಕಾಪಾಡುವ ಗುಣ. ನಮ್ಮದು ಎಲ್ಲರಿಗೂ ಎಲ್ಲರ ಮನೆಯ ಹೆಸರು ಗೊತ್ತಿರುವ ಜಿಲ್ಲೆ. ಇಂದು ಸೋಮವಾರಪೇಟೆಯಲ್ಲಿ ಹೇಳಿದ ಮಾತು ನಾಳೆ ಮದುವೆ ಮನೆಯ ಪಂಕ್ತಿಯಲ್ಲಿ ಸಿಗುತ್ತದೆ. ‘ಇಂಥ ಮನೆಯ ಸೊಸೆಗೆ ತಲೆ ಸರಿಯಿಲ್ಲವಂತೆ’ ಎಂಬ ಮಾತಿನ ಭಯ ಒಂದೇ ಸಾಕು, ಒಬ್ಬ ತಾಯಿ ಬಾಯಿ ಮುಚ್ಚಿಕೊಳ್ಳಲು. ಎರಡನೆಯದು ಭಾಷೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಎರವ ಭಾಷೆ, ತಮಿಳು, ಎಲ್ಲವೂ ಇಲ್ಲಿ ಮನೆಮಾತುಗಳೇ. ಅಳು ಬರುವುದು ಮನೆಮಾತಿನಲ್ಲಿ. ಸಾಧ್ಯವಾದ ಮಟ್ಟಿಗೆ ತಾಯಿಯ ಮನೆಮಾತು ಬಲ್ಲವರನ್ನೇ ಆರಿಸಿ. ಆರಿಸುವವಳು ತಾಯಿಯೇ ಆಗಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ. ಏಕೆಂದರೆ ಇದನ್ನು ಬಹಳ ಮನೆಗಳಲ್ಲಿ ಅತ್ತೆ ತೀರ್ಮಾನಿಸುತ್ತಾರೆ.

ಎರಡನೆಯ ಹೆಜ್ಜೆ: ಹೆರಿಗೆಗೆ ಮುನ್ನ ಮನಸ್ಸಿನ ಹಿನ್ನೆಲೆ ತಿಳಿಯಿರಿ

ತಾಯಿ ಕಾರ್ಡಿನಲ್ಲಿ ರಕ್ತದೊತ್ತಡವಿದೆ, ಹಿಮೋಗ್ಲೋಬಿನ್ ಇದೆ. ‘ಹಿಂದೆ ಯಾವಾಗಲಾದರೂ ಮನಸ್ಸು ಬಹಳ ಕುಸಿದಿತ್ತಾ?’ ಎಂಬ ಪ್ರಶ್ನೆಯನ್ನು ಯಾರಾದರೂ ಕುಳಿತು ಕೇಳಬೇಕು. ಅದು ಜೊತೆಗಾತಿಯ ಕೆಲಸ. ಮನೆಯೊಳಗೆ ಬೇಡ, ತೋಟದ ದಾರಿಯಲ್ಲಿ ಸಂಜೆಗೆ ಮುನ್ನ ನಡೆಯುತ್ತಾ ಕೇಳಿದರೆ ಉತ್ತರ ಬರುತ್ತದೆ.

ತಿಳಿಯಬೇಕಾದ್ದು ಇಷ್ಟು. ಹಿಂದೆ ಖಿನ್ನತೆಗೆ, ಅಥವಾ ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಇನ್ನೊಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆಗೆ ಚಿಕಿತ್ಸೆಯಾಗಿತ್ತೇ? ಹತ್ತಿರದ ರಕ್ತಸಂಬಂಧದಲ್ಲಿ ಯಾರಿಗಾದರೂ ಹೆರಿಗೆಯ ನಂತರ ಬುದ್ಧಿಭ್ರಮೆಯಾಗಿತ್ತೇ? ಹಿಂದೆ ಗರ್ಭ ಹೋಗಿತ್ತೇ, ಮಗು ತೀರಿಕೊಂಡಿತ್ತೇ? ಗಂಡ ಕುಡಿದು ಬಂದು ಕೈ ಮಾಡುತ್ತಾನೆಯೇ? ಸಾಲ ಇದೆಯೇ? ಗಂಡೇ ಆಗಬೇಕೆಂಬ ಒತ್ತಡವಿದೆಯೇ? ಗಂಡು ಹುಟ್ಟಿದರೆ ಕೋವಿಯ ಗುಂಡು ಹಾರಿಸಿ ಸಾರುವ ಪದ್ಧತಿ ಕೊಡವರಲ್ಲಿತ್ತು, ಬೇರೆ ಮನೆಗಳಲ್ಲಿ ಬೇರೆ ಬಗೆಯ ಸಂಭ್ರಮ. ಹೆಣ್ಣು ಹುಟ್ಟಿದಾಗ ಮನೆ ಸುಮ್ಮನಾದದ್ದನ್ನು ಬಾಣಂತಿ ಖಂಡಿತ ಗಮನಿಸುತ್ತಾಳೆ.

ಮನಸ್ಸಿನ ಕಾಯಿಲೆಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವಳು ಬಸಿರಾದೆನೆಂದು ತಾನೇ ನಿಲ್ಲಿಸಬಾರದು. ಕೆಲವು ಔಷಧಿಗಳನ್ನು, ಉದಾಹರಣೆಗೆ ವಾಲ್ಪ್ರೊಯೇಟ್ ಅನ್ನು, ವೈದ್ಯರು ಬದಲಿಸಲೇಬೇಕಾಗುತ್ತದೆ. ಕೆಲವನ್ನು ಮುಂದುವರಿಸುತ್ತಾರೆ. ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು. ಬೈಪೋಲಾರ್ ಇರುವವರಿಗೆ, ಹಿಂದಿನ ಬಾಣಂತನದಲ್ಲಿ ಬುದ್ಧಿಭ್ರಮೆ ಆದವರಿಗೆ ಹೆರಿಗೆಗೆ ಮುನ್ನವೇ ಮನೋವೈದ್ಯರ ಭೇಟಿ ಆಗಿರಬೇಕು. ಇದರಲ್ಲಿ ರಾಜಿ ಬೇಡ.

ಮೂರನೆಯ ಹೆಜ್ಜೆ: ಆಸ್ಪತ್ರೆಯನ್ನೂ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡುತ್ತಾರೆಯೇ ಎಂದು ಮೊದಲೇ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ಒಬ್ಬ ಜೊತೆಗಾತಿ ಇರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವೂ ಅದನ್ನೇ ಹೇಳುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನಲ್ಲೂ ಇದೆ. ಜೊತೆಗಾತಿಗೆ ಸೋಂಕು ರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಕಾಗದದ ಮೇಲಿನ ನಿಯಮ ಎಲ್ಲ ಕಡೆ ಒಂದೇ ರೀತಿ ನಡೆಯುವುದಿಲ್ಲ, ಆದ್ದರಿಂದ ಎಂಟನೇ ತಿಂಗಳ ತಪಾಸಣೆಗೆ ಹೋದಾಗ ಜೊತೆಗಾತಿಯನ್ನೂ ಕರೆದುಕೊಂಡು ಹೋಗಿ ನರ್ಸ್‌ಗಳಿಗೆ ಪರಿಚಯಿಸಿ. ವಾದ ಮಾಡಿ ಒಳಗೆ ಹೋಗುವುದಕ್ಕಿಂತ ಮುಖ ಪರಿಚಯದಿಂದ ಹೋಗುವುದು ಸುಲಭ.

ಒಳಗೆ ಅವಳು ಮಾಡುವುದು ಸಣ್ಣ ಸಣ್ಣ ಕೆಲಸಗಳು. ನೋವು ಬಂದಾಗ ಸೊಂಟದ ಕೆಳಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯುವುದು, ವೈದ್ಯರು ಬೇಡವೆನ್ನದಿದ್ದರೆ ನಡೆದಾಡಿಸುವುದು, ಗುಟುಕು ನೀರು ಕೊಡುವುದು, ಉಸಿರನ್ನು ನಿಧಾನವಾಗಿ ಬಿಡಿಸುವುದು, ವೈದ್ಯರು ಹೇಳಿದ್ದನ್ನು ಮನೆಮಾತಿನಲ್ಲಿ ಮತ್ತೆ ಹೇಳುವುದು. ತುರ್ತು ಸಿಸೇರಿಯನ್‌ಗೆ ಒಯ್ಯುವಾಗ ‘ಏನಾಗುತ್ತಿದೆ ಎಂದು ಯಾರೂ ಹೇಳಲೇ ಇಲ್ಲ’ ಎಂಬ ನೋವು ಎಷ್ಟೋ ತಾಯಂದಿರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎರಡು ವಾಕ್ಯದ ವಿವರಣೆ ಅದನ್ನು ತಪ್ಪಿಸಬಲ್ಲದು.

ಜೂನ್‌ನಿಂದ ಸೆಪ್ಟೆಂಬರ್ ನಡುವೆ ದಿನ ತುಂಬುವವರಿಗೆ ಬೇರೆಯೇ ಯೋಜನೆ ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಭಾಗಮಂಡಲ, ನಾಪೋಕ್ಲು ಕಡೆ ನೀರು ರಸ್ತೆಗೆ ಬರುತ್ತದೆ, ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ, ಟವರ್ ಸತ್ತರೆ ವಿಡಿಯೊ ಡೌಲಾ ಇದ್ದೂ ಇಲ್ಲದಂತೆ. ಹೀಗಾಗಿ ದೂರದ ಡೌಲಾ ಇದ್ದರೂ ನಡೆದು ಬರುವಷ್ಟು ಹತ್ತಿರದಲ್ಲಿ ಒಬ್ಬರಿರಲಿ. ಒಳಭಾಗದ ಮನೆಯವರು ದಿನ ತುಂಬುವ ಮೊದಲೇ ಮಡಿಕೇರಿ, ವಿರಾಜಪೇಟೆ ಅಥವಾ ಗೋಣಿಕೊಪ್ಪಲಿನ ನೆಂಟರ ಮನೆಗೆ ಬಂದು ಇರುವುದು ಒಳ್ಳೆಯದು. ಮೈಸೂರಿಗೆ ಕಳುಹಿಸಬೇಕಾದರೆ ಮಡಿಕೇರಿಯಿಂದಲೇ ಸುಮಾರು 120 ಕಿ.ಮೀ. ಇದೆ, ಜಿಲ್ಲೆಯಲ್ಲಿ ರೈಲಿಲ್ಲ. ಯಾರ ಜೀಪು, ಯಾರು ಚಾಲಕ, ಸಿದ್ದಾಪುರದ ಕಡೆಯಾದರೆ ಆನೆ ಓಡಾಡುವ ಹೊತ್ತಿನಲ್ಲಿ ಯಾವ ದಾರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಈ ಹಾಳೆಯೂ ಮನಸ್ಸಿನ ಆರೈಕೆಯೇ. ಕೊನೆಯ ತಿಂಗಳಲ್ಲಿ ಗರ್ಭಿಣಿಗೆ ನಿದ್ದೆ ಕೆಡಿಸುವ ಭಯಗಳಲ್ಲಿ ಅರ್ಧ ದಾರಿಯ ಬಗ್ಗೆಯೇ ಇರುತ್ತವೆ.

ನಾಲ್ಕನೆಯ ಹೆಜ್ಜೆ: ಮೊದಲ ಎರಡು ವಾರ ನಿದ್ದೆಯನ್ನು ಕಾಯಿರಿ

ಸುಂಟಿಕೊಪ್ಪದ ಕಡೆಯ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹೆರಿಗೆಯಾಗಿ ನಾಲ್ಕೈದು ದಿನ. ಹೊರಗೆ ಜಡಿಮಳೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ. ಮಂಚದ ಸುತ್ತ ನೆಂಟರು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮುಂದೆ ಕರಿಮೆಣಸಿನ ಸಾರು ಕಲಸಿದ ಅನ್ನ ಒಣಗುತ್ತಿದೆ. ಒಬ್ಬರು ಹಾಲು ಕಡಿಮೆ ಎಂದರು, ಇನ್ನೊಬ್ಬರು ಸಬ್ಬಸಿಗೆ ಸೊಪ್ಪು ತಿನ್ನಿಸಿ ಎಂದರು, ಮತ್ತೊಬ್ಬರು ‘ನಮ್ಮ ಕಾಲದಲ್ಲಿ’ ಎಂದು ಶುರುಮಾಡಿದರು. ಹುಡುಗಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅವಳ ದೊಡ್ಡಮ್ಮನ ಮಗಳು ಎದ್ದು, ‘ಅತ್ತೆ, ಎಲ್ಲರಿಗೂ ಜಗಲಿಯಲ್ಲಿ ಕಾಫಿ ಇಟ್ಟಿದ್ದೇನೆ, ಬನ್ನಿ’ ಎಂದು ಕೋಣೆ ಖಾಲಿ ಮಾಡಿಸಿದಳು. ಕಿಟಕಿಯನ್ನು ಒಂದು ಗೇಣು ತೆರೆದಳು, ಕೆಂಡವನ್ನು ಹೊರಗಿಟ್ಟಳು. ಮಗುವನ್ನು ಎತ್ತಿಕೊಂಡು, ‘ನೀನು ಊಟ ಮಾಡು, ಆಮೇಲೆ ಮಲಗು. ಇವನು ಹಸಿದರೆ ನಾನೇ ತರುತ್ತೇನೆ’ ಎಂದಳು. ಬುದ್ಧಿಮಾತು ಒಂದನ್ನೂ ಹೇಳಲಿಲ್ಲ. ಆ ಹೆಂಗಸು ಡೌಲಾ ಎಂಬ ಹೆಸರನ್ನೇ ಕೇಳಿದವಳಲ್ಲ.

ಇದರಲ್ಲಿ ಕಲಿಯಬೇಕಾದ್ದೆಲ್ಲ ಇದೆ. ಕೆಂಡದ ವಿಷಯ ಮೊದಲು ಹೇಳಿಬಿಡುತ್ತೇನೆ: ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಜೀವ ತೆಗೆಯಬಲ್ಲದು. ಬೆಚ್ಚಗೆ ಬೇಕಾದರೆ ಕಂಬಳಿ, ಬಿಸಿನೀರಿನ ಚೀಲ ಇರಲಿ. ನೀರು ಕುಡಿಯಬಾರದು ಎಂಬ ಪಥ್ಯವನ್ನೂ ಬಿಡಿ, ಹಾಲೂಡುವವಳಿಗೆ ಬಾಯಾರಿಕೆ ಹೆಚ್ಚು. ಎಣ್ಣೆ ನೀರು, ಬಿಸಿ ಊಟ, ವಿಶ್ರಾಂತಿ, ಇವೆಲ್ಲ ನಮ್ಮ ಬಾಣಂತನದ ಒಳ್ಳೆಯ ಭಾಗ. ಉಳಿಸಿಕೊಳ್ಳಿ.

ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ನಿದ್ದೆ. ನಿದ್ದೆಗೆಟ್ಟರೆ ಗಟ್ಟಿ ಮನಸ್ಸೂ ಹದಗೆಡುತ್ತದೆ. ರಾತ್ರಿಯ ಪಾಳಿಯನ್ನು ಗಂಡ, ಅಮ್ಮ, ಜೊತೆಗಾತಿ ಹಂಚಿಕೊಳ್ಳಲಿ. ಹಾಲೂಡಿಸುವುದು ಮಾತ್ರ ತಾಯಿಯ ಕೆಲಸ. ಮಗುವನ್ನು ಅವಳ ಪಕ್ಕಕ್ಕೆ ತರುವುದು, ತೇಗಿಸುವುದು, ಬಟ್ಟೆ ಬದಲಿಸುವುದು, ತಟ್ಟಿ ಮಲಗಿಸುವುದು ಬೇರೆಯವರದು. ಇದರಿಂದ ಒಮ್ಮೆ ಹಾಲೂಡಿಸಿ ಮತ್ತೊಮ್ಮೆ ಊಡಿಸುವ ನಡುವಿನ ಹೊತ್ತು ಪೂರಾ ಅವಳ ನಿದ್ದೆಗೆ ಸಿಗುತ್ತದೆ. ಹಗಲಿನಲ್ಲಿ ನೆಂಟರಿಗೆ ಒಂದು ಹೊತ್ತು ಗೊತ್ತುಮಾಡಿ, ಉಳಿದ ಹೊತ್ತು ಬಾಗಿಲು ಮುಚ್ಚಿರಲಿ. ‘ಡಾಕ್ಟರು ಹೇಳಿದ್ದಾರೆ’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮಗು ಮೊಲೆ ಕಚ್ಚದಿದ್ದರೆ, ತೊಟ್ಟು ಬಿರಿದಿದ್ದರೆ ತಾಯಿ ತನ್ನನ್ನೇ ದೂರಿಕೊಳ್ಳುತ್ತಾಳೆ. ಅದು ಕಲಿಯುವ ವಿದ್ಯೆ, ಆಸ್ಪತ್ರೆಯ ನರ್ಸ್ ತೋರಿಸಿಕೊಡುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಅವರು ಮಗುವಿನ ತೂಕ ನೋಡುತ್ತಿರುವಾಗ ತಾಯಿಯ ಬಗ್ಗೆ ಮಾತು ತೆಗೆಯುವುದು ಜೊತೆಗಾತಿಯ ಕೆಲಸ.

ಐದನೆಯ ಹೆಜ್ಜೆ: ಎರಡು ವಾರ ಕಳೆದ ಮೇಲೆ ಕೇಳಿ, ನೇರವಾಗಿ ಕೇಳಿ

ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದ ಹೊತ್ತಿಗೆ ಬರುವ ಅಳು, ಸಿಡುಕು, ಕಾರಣವಿಲ್ಲದ ದುಗುಡ ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣಿಸುತ್ತದೆ. ಹಾರ್ಮೋನುಗಳ ಏರಿಳಿತದ ಜೊತೆ ಬರುವ ಇದು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ, ಅಥವಾ ದಿನದಿಂದ ದಿನಕ್ಕೆ ಹೆಚ್ಚಾದರೆ ಅದು ಖಿನ್ನತೆಯಿರಬಹುದು. ಯಾವುದರಲ್ಲೂ ಖುಷಿಯಿಲ್ಲ, ಮಗು ಮಲಗಿದ್ದರೂ ತನಗೆ ನಿದ್ದೆ ಬಾರದು, ಊಟ ಸೇರದು, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಮಾತು ಮತ್ತೆ ಮತ್ತೆ. ಕೆಲವರಲ್ಲಿ ದುಃಖಕ್ಕಿಂತ ಆತಂಕವೇ ಮುಂದಿರುತ್ತದೆ: ಮಗು ಉಸಿರಾಡುತ್ತಿದೆಯೇ ಎಂದು ರಾತ್ರಿಯಿಡೀ ಎದ್ದೆದ್ದು ನೋಡುವುದು. ಇನ್ನು ಕೆಲವರು ಎದೆ ಭಾರ, ತಲೆನೋವು, ಮೈಕೈ ನೋವು ಎಂದಷ್ಟೇ ಹೇಳುತ್ತಾರೆ.

ಬಾಣಂತಿಯ ಖಿನ್ನತೆಯ ಸುಳಿವು ಹಿಡಿಯಲು ಎಡಿನ್‌ಬರೊ ಪ್ರಶ್ನಾವಳಿ ಎಂಬುದೊಂದಿದೆ. 1987ರಲ್ಲಿ ಸಿದ್ಧವಾದ ಇದರಲ್ಲಿ ಹತ್ತು ಪ್ರಶ್ನೆಗಳಿವೆ, ಕಳೆದ ಏಳು ದಿನ ಹೇಗಿದ್ದಿರಿ ಎಂದು ಕೇಳುತ್ತದೆ. ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಲೇಬೇಕು. ಕನ್ನಡದಲ್ಲೂ ಇದರ ರೂಪವಿದೆ, ಕರ್ನಾಟಕದಲ್ಲಿ ಬಳಸಿ ಪರೀಕ್ಷಿಸಿದ್ದಾರೆ. ಆರೋಗ್ಯ ಕೇಂದ್ರದಲ್ಲೋ ವೈದ್ಯರಲ್ಲೋ ಕೇಳಿ ಪಡೆಯಿರಿ. ಅಂಕ ಕಾಯಿಲೆಯ ತೀರ್ಪಲ್ಲ, ವೈದ್ಯರ ಬಳಿಗೆ ಹೋಗಬೇಕೇ ಎಂಬುದಕ್ಕೆ ಸೂಚನೆ ಅಷ್ಟೇ.

ಪ್ರಶ್ನಾವಳಿ ಸಿಗದಿದ್ದರೆ ಮಾತೇ ಸಾಕು. ‘ಚೆನ್ನಾಗಿದ್ದೀಯಾ?’ ಎಂದರೆ ‘ಹೌದು ಅಕ್ಕ’ ಎಂದೇ ಉತ್ತರ. ಹಾಗೆ ಕೇಳಬೇಡಿ. ‘ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು?’, ‘ದಿನದಲ್ಲಿ ಯಾವ ಹೊತ್ತು ತೀರಾ ಕಷ್ಟ?’ ಎಂದು ಕೇಳಿ. ಉತ್ತರ ಬಂದಾಗ ‘ಅಯ್ಯೋ, ಇಷ್ಟು ಮುದ್ದಾದ ಮಗು ಇಟ್ಟುಕೊಂಡು ಅಳುತ್ತೀಯಾ’ ಎನ್ನಬೇಡಿ. ಆ ಒಂದು ವಾಕ್ಯ ಮುಂದಿನ ಎಲ್ಲ ಮಾತಿಗೂ ಬಾಗಿಲು ಹಾಕುತ್ತದೆ. ಕೊನೆಗೆ ಇದನ್ನೂ ಕೇಳಲೇಬೇಕು: ‘ಸಾಯಬೇಕು ಎಂದಾಗಲಿ, ನಿನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಎಂದಾಗಲಿ ಅನ್ನಿಸಿದೆಯಾ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಬರುತ್ತದೆ. ಹೌದು ಎಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡಬಾರದು. ತೋಟದ ಮನೆಗಳಲ್ಲಿ ಕೀಟನಾಶಕ ಇರುತ್ತದೆ, ಕೋವಿಯೂ ಇರುತ್ತದೆ. ಎರಡನ್ನೂ ಬೀಗ ಹಾಕಿ, ಇಲ್ಲವೇ ಬೇರೆ ಮನೆಗೆ ಸಾಗಿಸಿ.

ಎಲ್ಲಿಗೆ ಹೋಗುವುದು

ಮನೆಯಿಂದ ಹೊರಡಲು ಧೈರ್ಯವಿಲ್ಲದಿದ್ದರೆ 14416 ಸಂಖ್ಯೆಗೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಮೊದಲ ಕರೆಯನ್ನು ಜೊತೆಗಾತಿಯೇ ಮಾಡಿ, ನಂತರ ಫೋನನ್ನು ತಾಯಿಯ ಕೈಗೆ ಕೊಡುವುದು ಒಳ್ಳೆಯ ರೀತಿ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು, ಖಿನ್ನತೆಯ ಚಿಕಿತ್ಸೆಗೆ ಅಲ್ಲಿ ವಿಚಾರಿಸಿ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ‘ಮನೋಚೈತನ್ಯ’ ಎಂಬ ರಾಜ್ಯ ಸರ್ಕಾರದ ಕಾರ್ಯಕ್ರಮವೂ ಇದೆ. ಯಾವ ವಾರ ಯಾವ ಊರು ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ಖಚಿತಪಡಿಸಿಕೊಂಡು ಹೊರಡಿ. ಮನೋವೈದ್ಯರ ಹೆಸರು ಕೇಳಿ ಮನೆಯವರು ಹಿಂಜರಿದರೆ, ಹೆರಿಗೆ ಮಾಡಿಸಿದ ವೈದ್ಯರಿಂದಲೇ ಶುರುಮಾಡಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಲು ಕೇಳಿ. ರಕ್ತಹೀನತೆ, ಥೈರಾಯ್ಡ್ ಏರುಪೇರು ಕೂಡ ಇಂಥದ್ದೇ ಸುಸ್ತು, ದುಗುಡ ತರುತ್ತವೆ.

ಮಾತ್ರೆ ಬರೆದುಕೊಟ್ಟರೆ ಹಾಲು ಬಿಡಿಸಬೇಕಾಗುತ್ತದೆ ಎಂದು ಮನೆಯಲ್ಲಿ ಗಲಾಟೆಯಾಗುತ್ತದೆ. ಸಾಮಾನ್ಯವಾಗಿ ಹಾಗೇನೂ ಇಲ್ಲ. ಸರ್ಟ್ರಾಲಿನ್‌ನಂಥ ಔಷಧಿ ಎದೆಹಾಲಿಗೆ ಸೇರುವುದು ತೀರಾ ಕಡಿಮೆ. ಹಾಲೂಡಿಸುತ್ತಿದ್ದೇನೆ ಎಂದು ವೈದ್ಯರಿಗೆ ಹೇಳಿದರೆ ಅದಕ್ಕೆ ಹೊಂದುವುದನ್ನೇ ಕೊಡುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು, ಗುಣವಾಯಿತೆಂದು ತಾವೇ ನಿಲ್ಲಿಸಬಾರದು. ಮಾತ್ರೆಯ ಹೊತ್ತನ್ನು ನೆನಪಿಸುವುದು, ಮರುಭೇಟಿಗೆ ಜೊತೆಯಲ್ಲಿ ಹೋಗುವುದು, ಅಂದು ಮಗುವನ್ನು ನೋಡಿಕೊಳ್ಳಲು ಯಾರು ಎಂದು ಗೊತ್ತುಮಾಡುವುದು ಜೊತೆಗಾತಿಗೆ ಬರುತ್ತದೆ. ಚಿಕಿತ್ಸೆ ನಡುವೆ ನಿಂತುಹೋಗುವುದು ಹೆಚ್ಚಾಗಿ ಬಸ್ಸು, ಮಳೆ, ಮಗುವಿನ ಕಾರಣದಿಂದ.

ತಡಮಾಡಬಾರದ ಸ್ಥಿತಿ

ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಬುದ್ಧಿಭ್ರಮೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ನಿದ್ದೆಯಿಲ್ಲದೆಯೂ ದಣಿವಿಲ್ಲ, ಮಾತು ಒಂದಕ್ಕೊಂದು ಸಂಬಂಧವಿಲ್ಲ, ಯಾರೋ ಮಾತನಾಡುವುದು ಕೇಳಿಸುತ್ತದೆ, ಊಟಕ್ಕೆ ವಿಷ ಹಾಕಿದ್ದಾರೆ ಎನ್ನುತ್ತಾಳೆ, ಇದು ನನ್ನ ಮಗುವಲ್ಲ ಎನ್ನುತ್ತಾಳೆ. ಇದು ತುರ್ತು ಸ್ಥಿತಿ. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ದಿನ ಕಳೆಯಬೇಡಿ. ಹರಕೆ ಹೊತ್ತುಕೊಳ್ಳಿ, ಅದು ನಿಮ್ಮ ನಂಬಿಕೆ. ಆದರೆ ಗಾಡಿ ಮೊದಲು ಆಸ್ಪತ್ರೆಯ ಕಡೆಗೆ ತಿರುಗಲಿ. ಮಗುವನ್ನು ಬೇರೆಯವರು ಎತ್ತಿಕೊಂಡಿರಲಿ, 108ಕ್ಕೆ ಕರೆ ಮಾಡಿ. ಚಿಕಿತ್ಸೆ ಸಿಕ್ಕರೆ ಇವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ತಾಯಿಯನ್ನು ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯವೂ ಬೇಡ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ.

ಲೈನ್ ಮನೆ, ಹಾಡಿಗಳಲ್ಲಿ

ತವರಿಲ್ಲದೆ ಬಾಣಂತನ ಮಾಡಿಕೊಳ್ಳುವವರು ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್‌ಗಳಲ್ಲೇ ಹೆಚ್ಚು. ಅಸ್ಸಾಮಿನಿಂದ ಬಂದು ಕಾಫಿ ಕುಯ್ಯುವ ಹುಡುಗಿಗೆ ಅಮ್ಮ ಫೋನಿನಲ್ಲಿ ಮಾತ್ರ. ಅವಳ ಭಾಷೆ ಆಶಾ ಕಾರ್ಯಕರ್ತೆಗೂ ಬಾರದು. ಟೆಲಿ ಮಾನಸ್ 20 ಭಾಷೆಗಳಲ್ಲಿ ಸಿಗುತ್ತದೆ ಎಂಬುದು ಇಂಥಲ್ಲಿ ದೊಡ್ಡ ಸಹಾಯ. ತೋಟದ ಮಾಲೀಕರು ಮಾಡಬಹುದಾದ ಕೆಲಸ ಒಂದಿದೆ: ಲೈನಿನಲ್ಲಿ ಅವಳ ಭಾಷೆ ಬಲ್ಲ ಒಬ್ಬ ಹೆಂಗಸಿಗೆ ಕೆಲವು ವಾರ ಅರ್ಧ ದಿನ ಕೆಲಸಕ್ಕೆ ಪೂರ್ತಿ ಕೂಲಿ ಕೊಟ್ಟು ಬಾಣಂತಿಯ ಬಳಿ ಇರಲು ಬಿಡುವುದು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕುಯ್ಲಿನ ಹೊತ್ತಿನಲ್ಲಿ ಒಂದು ಆಳು ಕಡಿಮೆಯಾಗುವುದು ಕಷ್ಟ ಎಂದು ಬಲ್ಲೆ, ಆದರೂ ಕೇಳುತ್ತಿದ್ದೇನೆ. ಎರವ, ಜೇನುಕುರುಬ ಬುಡಕಟ್ಟಿನವರ ಹಾಡಿಗಳಲ್ಲಿ ಹಿರಿಯ ಹೆಂಗಸರೇ ಬಾಣಂತಿಯ ಆಸರೆ. ಹೊರಗಿನವರು ಅವರನ್ನು ಬದಿಗೆ ಸರಿಸದೆ ಅವರ ಜೊತೆ ಕುಳಿತು ಅಪಾಯದ ಲಕ್ಷಣಗಳನ್ನಷ್ಟೇ ತಿಳಿಸಿಕೊಟ್ಟರೆ ಸಾಕು.

ಮನೆಯಲ್ಲಿ ಹೊಡೆತವಿದ್ದರೆ ಮಹಿಳಾ ಸಹಾಯವಾಣಿ 181, ತಕ್ಷಣದ ಅಪಾಯಕ್ಕೆ 112.

ಕೊನೆಯ ಹೆಜ್ಜೆ: ತವರಿನಿಂದ ಹೊರಟ ಮೇಲೂ ಬಿಡಬೇಡಿ

ಮೂರನೆಯ ತಿಂಗಳೋ ಐದನೆಯ ತಿಂಗಳೋ ಬಾಣಂತಿ ಗಂಡನ ಮನೆಗೆ ಹಿಂದಿರುಗುತ್ತಾಳೆ. ಎಲ್ಲರೂ ಮುಗಿಯಿತು ಎಂದುಕೊಳ್ಳುವುದು ಅಲ್ಲಿಗೇ. ಆದರೆ ನೀರು ಹಾಕುವವರಿಲ್ಲ, ರಾತ್ರಿ ಎತ್ತಿಕೊಳ್ಳುವವರಿಲ್ಲ, ಅಡುಗೆಮನೆ ಮತ್ತೆ ಅವಳದು. ಖಿನ್ನತೆ ಮೊದಲ ವರ್ಷದ ಯಾವ ತಿಂಗಳಲ್ಲಾದರೂ ಶುರುವಾಗಬಹುದು. ಹಾಗಾಗಿ ಹೊರಡುವ ಮುನ್ನ ಜೊತೆಗಾತಿ ಗಂಡನ ಜೊತೆ ಕುಳಿತು ಮಾತನಾಡಲಿ. ಯಾವ ಲಕ್ಷಣ ಕಂಡರೆ ಏನು ಮಾಡಬೇಕು, ರಾತ್ರಿಯ ಯಾವ ಪಾಳಿ ಅವನದು, ಮಾತ್ರೆಯಿದ್ದರೆ ಮುಂದಿನ ಭೇಟಿ ಯಾವಾಗ ಎಂಬುದು ಅವನಿಗೆ ತಿಳಿದಿರಲಿ. ಗಂಡಂದಿರಲ್ಲೂ ಈ ತಿಂಗಳುಗಳಲ್ಲಿ ಖಿನ್ನತೆ ಬರುವುದುಂಟು, ಅವನನ್ನೂ ಒಮ್ಮೆ ‘ನಿನಗೆ ನಿದ್ದೆ ಬರುತ್ತಿದೆಯಾ?’ ಎಂದು ಕೇಳಿ.

ನಂತರ ವಾರಕ್ಕೊಂದು ಗೊತ್ತಾದ ದಿನ ಫೋನ್ ಮಾಡಿ, ಮಗುವಿಗೆ ವರ್ಷ ತುಂಬುವವರೆಗೆ. ಎರಡು ವಾರ ಸತತ ಫೋನ್ ಎತ್ತದಿದ್ದರೆ ಮನೆಗೆ ಹೋಗಿ ಬನ್ನಿ. ಈ ಬಾರಿ ಖಿನ್ನತೆ ಕಾಡಿದ್ದರೆ ಮುಂದಿನ ಬಾಣಂತನದಲ್ಲೂ ಬರುವ ಸಾಧ್ಯತೆ ಹೆಚ್ಚು. ಯಾವ ತಿಂಗಳು ಶುರುವಾಯಿತು, ಯಾವ ಮಾತ್ರೆ ಹಿಡಿಸಿತು, ಯಾವ ವೈದ್ಯರು ನೋಡಿದರು ಎಂಬುದನ್ನು ತಾಯಿ ಕಾರ್ಡಿನ ಜೊತೆಯೇ ಬರೆದಿಟ್ಟು, ಮುಂದಿನ ಬಸಿರಿನ ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ತೋರಿಸಿ.